ಮೋಟು ಬಾಲ

ಹೆಂಡತಿ ಕಹಿಪುಡಿಯನ್ನು ನೀರಿಗೆ ಹಾಕಿ ಚಮಚದಲ್ಲಿ ಕದಡುವ ಸದ್ದಿಗೆ ಅವನಿಗೆ ಎಚ್ಚರವಾಯಿತು. ಎಚ್ಚರವಾದದ್ದು ಅವಳಿಗೆ ತಿಳಿಯಬಾರದೆಂದು ಕಣ್ಣು ಮುಚ್ಚಿಕೊಂಡೇ ಮಲಗಿದ್ದ. ಲೋಟ ಒಂದಷ್ಟು ಹೊತ್ತು ಟಿಣ್ ಟಿಣ್ ಎಂದಿತು, ಆಮೇಲೆ ಸುಮ್ಮನಾಯಿತು, ಆಮೇಲೆ ಒಂದೇ ಉಸಿರಿಗೆ ಗಟಗಟ, ಕೊನೆಗೆ ಎಂದಿನಂತೆ ಒಂದು "ಥೂ". ಪುಡಿ ಕಳಿಸಿದ್ದು ಅವನ ಅಕ್ಕ. ಯಾವ ಬೇರಿನದೋ ಯಾವ ತೊಗಟೆಯದೋ ದೇವರಿಗೇ ಗೊತ್ತು. ಇದನ್ನು ಕುಡಿದ ಹೆಂಗಸರಿಗೆಲ್ಲ ಮಕ್ಕಳಾಗಿವೆಯೆಂದು ಫೋನಿನಲ್ಲಿ ಆಣೆ ಮಾಡಿ ಹೇಳಿದ್ದಳು. ಗಂಡಸರೂ ಕುಡಿಯಬೇಕೇ ಎಂದು ಯಾರೂ ಕೇಳಲಿಲ್ಲ, ಅವನಂತೂ ಕೇಳಲೇ ಇಲ್ಲ. ಮೂರು ವಾರದ ಹಿಂದೆ ಅವನು ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಈ ಟಿಣ್ ಟಿಣ್ ಶುರುವೇ ಆಗುತ್ತಿರಲಿಲ್ಲ. ನಾಳೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳಿಗೆ ಮಾಡಲಿರುವ ಪರೀಕ್ಷೆಯೂ ಬೇಕಾಗುತ್ತಿರಲಿಲ್ಲ. ಒಳಗೆ ಏನೋ ದ್ರವ ಬಿಟ್ಟು ದಾರಿ ತೆರೆದಿದೆಯೋ ಮುಚ್ಚಿದೆಯೋ ನೋಡುತ್ತಾರಂತೆ. ನೋವಾಗುತ್ತದಂತೆ. ದಾರಿ ಹೇಗೇ ಇರಲಿ, ಆ ದಾರಿಯಲ್ಲಿ ಬರಬೇಕಾದವರು ಮನೆಯಿಂದಲೇ ಹೊರಟಿಲ್ಲ ಎಂಬುದು ಈ ಮನೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು, ಆ ಒಬ್ಬ ನಿದ್ದೆಯ ನಾಟಕ ಆಡುತ್ತ ಮಲಗಿದ್ದ.

"ಎದ್ದಿದ್ದೀರ ಅಂತ ಗೊತ್ತು ಕಣ್ರೀ. ಎಚ್ಚರ ಇದ್ದಾಗ ನಿಮ್ಮ ಕಾಲ್ಬೆರಳು ಅಲ್ಲಾಡುತ್ತೆ."

ಅವನು ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡ. ತನ್ನ ದೇಹದಲ್ಲಿ ಅಲ್ಲಾಡಬೇಕಾದದ್ದು ಅಲ್ಲಾಡದೆ, ಅಲ್ಲಾಡಬಾರದ್ದು ಅಲ್ಲಾಡಿ ಮಾನ ಕಳೆಯುತ್ತಿದೆಯಲ್ಲ ಎಂದು ನಗು ಬಂತು. ನಕ್ಕರೆ ಏಕೆ ನಕ್ಕಿರೆಂದು ಕೇಳುತ್ತಾಳೆ. ಆದ್ದರಿಂದ ಕೆಮ್ಮಿದ. ಅವಳು ಪಾರ್ಸೆಲ್ ಕಚೇರಿಯ ನೀಲಿ ಅಂಗಿ ತೊಟ್ಟು, ಬಾಗಿಲ ಬಳಿ ಚಪ್ಪಲಿಗೆ ಕಾಲು ತೂರಿಸುತ್ತ, "ಸಂಜೆ ನಿಮ್ಮ ಮ್ಯೂಸಿಯಮ್ಮಿಗೆ ಬರ್ತೀನಿ. ಎರಡು ತಿಂಗಳು ನಿಮ್ಮನ್ನ ನನ್ನಿಂದ ಕಿತ್ಕೊಂಡ ಆ ಗೊದಮೊಟ್ಟೆ ಹೇಗಿದೆ ನೋಡ್ಬೇಕು," ಎಂದಳು. ಗೊದಮೊಟ್ಟೆ ಅಲ್ಲ ಎಂದು ಹೇಳಹೊರಟವನು ಸುಮ್ಮನಾದ. ಸಂಜೆಯೊಳಗೆ ಹೇಳಿಬಿಡಬೇಕು ಎಂದುಕೊಂಡ. ನಿನ್ನೆಯೂ ಹಾಗೇ ಎಂದುಕೊಂಡಿದ್ದ.

ವಿಜ್ಞಾನ ಸಂಗ್ರಹಾಲಯದಲ್ಲಿ ಅವನದು ಮಾದರಿ ಮಾಡುವ ಕೆಲಸ. ಹೃದಯ, ಜ್ವಾಲಾಮುಖಿ, ನೊಣದ ಕಣ್ಣು, ಚಂದ್ರನ ಬೆನ್ನು. ಕಣ್ಣಿಗೆ ಕಾಣದ್ದನ್ನು ದೊಡ್ಡದು ಮಾಡಿ, ಕೈಗೆ ಸಿಗದ್ದನ್ನು ಚಿಕ್ಕದು ಮಾಡಿ ಶಾಲೆಯ ಮಕ್ಕಳ ಮುಂದಿಡುವುದು. ಬೆರಳಿಗೆ ಸದಾ ಗೋಂದು ಮೆತ್ತಿಕೊಂಡಿರುತ್ತಿದ್ದರಿಂದ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವನು ಅಂಟಣ್ಣ. ಕಣ್ಣು ಒಮ್ಮೆ ಕಂಡದ್ದನ್ನು ಅವನ ಕೈ ಮರೆಯುತ್ತಿರಲಿಲ್ಲ. ಯಾರಾದರೂ ಹೊಗಳಿದರೆ, "ನನ್ನನ್ನೇನು ಕೇಳ್ತೀರಿ, ಕೈಯನ್ನ ಕೇಳಿ," ಎಂದು ಬೀಗುತ್ತಿದ್ದ. ಮನುಷ್ಯದೇಹದ ಹೊಸ ಕೋಣೆಗೆ ಒಂದು ವೀರ್ಯಾಣು ಬೇಕು, ಬೆಳೆಯುತ್ತಿರುವಾಗಿನದು, ಒಳಗಿನ ಕೆಲಸವೆಲ್ಲ ಕಾಣುವಂತೆ ಅರ್ಧ ಸೀಳಿದ್ದು, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಎಂದು ಅಪ್ಪಣೆಯಾದಾಗ ಅದನ್ನು ವಿವರಿಸಲು ಒಬ್ಬ ವಿಜ್ಞಾನಿ ಬಂದಿದ್ದರು. ಇಲಿಗಳ ವೀರ್ಯದ ಅಧ್ಯಯನದಲ್ಲೇ ಅರ್ಧ ಆಯುಷ್ಯ ಕಳೆದ ಹೆಂಗಸು. ಅವರು ಅವನ ಕೆಲಸದ ಷೆಡ್ಡಿನ ಮೇಜಿನ ಮೇಲೆ ಚಿತ್ರಗಳನ್ನು ಹರಡಿ, ಮದುವೆಯ ಆಲ್ಬಂ ತೋರಿಸುವವರ ಉತ್ಸಾಹದಲ್ಲಿ ಹೇಳಿದರು:

"ಬಾಲ ಬೆಳೆಯೋದು ತುದೀಲಿ. ಸಾಮಾನು ಬಂದು ಬೀಳೋದು ಬುಡದಲ್ಲಿ. ನಡುವೆ ಹೊರೋರು ಬೇಕಲ್ಲ? ಅವರೇ ಈ ಸಾಗಣೆ ಪ್ರೋಟೀನುಗಳು. ಹೊತ್ಕೊಂಡು ತುದಿಗೆ ಹೋಗ್ತವೆ, ಇಳಿಸ್ತವೆ, ವಾಪಸ್ ಬರ್ತವೆ, ಮತ್ತೆ ಹೊರ್ತವೆ. ಬಾಲ ಪೂರ್ತಿಯಾಯ್ತೋ, ಒಂದೂ ಅಲ್ಲಿ ಇರಲ್ಲ. ಕೆಲಸ ಮುಗೀತು ಅಂತ ಜಾಗ ಖಾಲಿ ಮಾಡ್ತವೆ."

"ಕೂಲಿ ಎಷ್ಟು ಮೇಡಂ?" ಎಂದು ಬಡಗಿ ಕೇಳಿದ್ದ. ಸಂಗ್ರಹಾಲಯದ ಬಡಗಿ ಎಂದರೆ ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವವನು.

ಅಂಟಣ್ಣನಿಗೆ ಆ ಹೊರೆಯಾಳುಗಳು ತುಂಬ ಹಿಡಿಸಿಬಿಟ್ಟವು. ಹೆಬ್ಬೆರಳ ಗಾತ್ರದವು, ಎರಡೆರಡು ಕಾಲು, ತುದಿಗೆ ಹೋಗುವವು ನೀಲಿ, ಮರಳುವವು ಕೆಂಪು. ಒಂದೊಂದರ ತಲೆಯ ಮೇಲೂ ಒಂದೊಂದು ಹಳದಿ ಇಟ್ಟಿಗೆ. ಒಂದಕ್ಕೆ ಯಾರಿಗೂ ಕಾಣದ ಕಡೆ ಮೀಸೆಯನ್ನೂ ಬರೆದ. ಆ ದಿನಗಳಲ್ಲಿ ಅವನು ಸುಖವಾಗಿದ್ದ. ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ, ಮುಚ್ಚಳವಿದ್ದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಹಿಡಿದು ಆಸ್ಪತ್ರೆಯ ಸಣ್ಣ ಕೋಣೆಯೊಂದರಲ್ಲಿ ನಿಂತಿದ್ದ. ಗೋಡೆಯ ಮೇಲೆ ಜಲಪಾತದ ಚಿತ್ರವಿತ್ತು, ಯಾರ ಆಲೋಚನೆಯೋ. ಹೊರಗೆ ಇಬ್ಬರು ನರ್ಸುಗಳು ಯಾವುದೋ ಸೀರಿಯಲ್ಲಿನ ಸೊಸೆಯನ್ನು ಬಯ್ಯುತ್ತಿದ್ದರು, ಆ ಸೊಸೆಗೆ ಏನಾಯಿತೆಂದು ಅವನೂ ಕಿವಿಗೊಟ್ಟು, ಬಂದ ಕೆಲಸ ಮರೆತು, ಬಾಗಿಲು ತಟ್ಟಿದ ನರ್ಸಿನಿಂದ "ಆಯ್ತಾ ಸಾರ್?" ಎಂದು ಕೇಳಿಸಿಕೊಂಡಿದ್ದ. ಆ "ಆಯ್ತಾ ಸಾರ್" ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಎರಡು ದಿನ ಬಿಟ್ಟು ಲ್ಯಾಬಿನ ಡಾಕ್ಟರು ಅವನನ್ನು ಪರದೆಯ ಮುಂದೆ ಕೂರಿಸಿ, "ಇಲ್ಲಿ ನೋಡಿ," ಎಂದರು. ತಲೆಗಳೆಲ್ಲ ಚೆನ್ನಾಗಿದ್ದವು, ದುಂಡಗೆ, ಗಂಭೀರವಾಗಿ. ಬಾಲಗಳೇ ಇಲ್ಲ. ಒಂದಕ್ಕೆ ಗುಬುಟು, ಒಂದಕ್ಕೆ ಬಾಗಿದ ಮೋಟು, ಒಂದಕ್ಕೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡ ಸುರುಳಿ. ಯಾವುದೂ ಕದಲುತ್ತಿರಲಿಲ್ಲ. ಬಸ್ಸು ಬರುವುದಿಲ್ಲವೆಂದು ಗೊತ್ತಿದ್ದೂ ನಿಲ್ದಾಣದಲ್ಲಿ ಕೂತವರ ಹಾಗೆ ಇದ್ದವು. "ಬಾಲ ಕಟ್ಟೋವಾಗ ಸಾಮಾನು ಸಾಗಿಸೋ ಪ್ರೋಟೀನಲ್ಲಿ ಏನೋ ತೊಂದರೆ ಇರೋ ಹಾಗಿದೆ. ಹುಟ್ಟಿನಿಂದಲೇ ಬಂದಿರುತ್ತೆ," ಎಂದರು ಡಾಕ್ಟರು. ಅವನ ಬಾಯಿಂದ ತಟ್ಟನೆ ಬಂದ ಮಾತು:

"ನೀಲೀದಾ ಸಾರ್, ಕೆಂಪುದಾ?"

ಡಾಕ್ಟರು ಅವನನ್ನು ಒಂದು ಕ್ಷಣ ದಿಟ್ಟಿಸಿ, ಪೆಟ್ಟು ಬಿದ್ದವರು ಏನೇನೋ ಮಾತಾಡುತ್ತಾರೆಂದು ಸಮಾಧಾನ ಮಾಡಿಕೊಂಡು, ಒಂದು ಲೋಟ ನೀರು ಕೊಟ್ಟರು. ಹೆಂಡತಿಯನ್ನು ಕರೆದುಕೊಂಡು ಬನ್ನಿ, ಮಾತಾಡೋಣ, ದಾರಿಗಳಿವೆ ಎಂದರು. ದಾರಿಗಳಿವೆ ಎಂಬ ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಆ ಸಂಜೆ ಹೆಂಡತಿ ಒಣಗಿದ ಬಟ್ಟೆ ಮಡಚುತ್ತ, "ಏನಂದ್ರು?" ಎಂದು ಕೇಳಿದಾಗ, "ಎಲ್ಲ ಸರಿಯಾಗಿದೆಯಂತೆ," ಎಂದುಬಿಟ್ಟ. ಹೇಳಬೇಕೆಂದು ಹೇಳಿದ್ದಲ್ಲ, ಜಾರಿತು. ಅವಳು ಅವನ ಅಂಗಿಯ ತೋಳನ್ನು ಒಳಕ್ಕೆ ಮಡಚಿ, ಕೈಯಿಂದ ಸವರಿ, "ಹಾಗಾದ್ರೆ ನಂದೇ ಇರ್ಬೇಕು," ಎಂದಳು. ಅಷ್ಟೇ. ಮುಂದಿನ ಅಂಗಿ ಎತ್ತಿಕೊಂಡಳು. ಆ ಮಾತು ಅಂದಿನಿಂದ ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತ್ತು. ಅಕ್ಕನ ಪುಡಿ ಬಂದದ್ದು ಆ ಮಾರನೆಯ ವಾರ.

ಮಾದರಿಯನ್ನು ಷೆಡ್ಡಿನಿಂದ ಸಂಗ್ರಹಾಲಯಕ್ಕೆ ರಸ್ತೆ ದಾಟಿಸಬೇಕಿತ್ತು. ಹಳೆಯ ಬೆಡ್‌ಶೀಟು ಸುತ್ತಿ, ತಲೆಯ ಕಡೆ ಅಂಟಣ್ಣ, ಬಾಲದ ಕಡೆ ಬಡಗಿ ಹಿಡಿದುಕೊಂಡು ಹೊರಟರು. ಹಣ್ಣಂಗಡಿಯವನು, ಏನು ಹೆಣವಾ ಎಂದು ಕೇಳಿದ. "ಇನ್ನೂ ಹುಟ್ಟೇ ಇಲ್ಲ ಕಣಯ್ಯ," ಎಂದ ಬಡಗಿ. ದಾರಿಯ ಮಧ್ಯದಲ್ಲಿ ಕಾರುಗಳು ಹಾರ್ನ್ ಬಾರಿಸತೊಡಗಿದವು. ಗಾಳಿಗೆ ಬೆಡ್‌ಶೀಟು ಹಾರಿ ದುಂಡು ತಲೆ ಇಣುಕಿತು. ಸ್ಕೂಟರಿನ ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಅದನ್ನು ನೋಡಿ, ಏನೆಂದು ತಿಳಿದರೋ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಂಟಣ್ಣನಿಗೆ ತಾನು ಬಟ್ಟೆಯಿಲ್ಲದೆ ರಸ್ತೆಗೆ ಬಂದಂತಾಯಿತು. ಹಗುರಾದ ಫೈಬರಿನ ಮಾದರಿ, ಆದರೂ ಹೊತ್ತ ಭುಜ ಕುಸಿಯುತ್ತಿತ್ತು.

"ಅಂಟಣ್ಣ, ಬಾಲದ ಕಡೆ ಏನೂ ಭಾರಾನೇ ಇಲ್ವಲ್ಲ," ಎಂದ ಬಡಗಿ ಹಿಂದಿನಿಂದ.

"ಬಾಲ ಅಂದ್ರೆ ಹಾಗೇ."

"ಹಾಗಾ? ಷೆಡ್ಡಲ್ಲಿ ಬಾಲದ ತಂತಿ ಬೇರೆ ಅರ್ಧಕ್ಕರ್ಧ ಉಳಿದಿದೆ."

"ತಂತಿ ಜಾಸ್ತೀನೇ ತಂದಿದ್ದೆ," ಎಂದ. ತಂದಿರಲಿಲ್ಲ. ಅಳೆದು ತಂದಿದ್ದ. ಆದರೆ ಹೀಗೆ ಹೇಳುವಾಗ ಅದು ಸುಳ್ಳೆಂದು ಅವನಿಗೇ ಹೊಳೆಯಲಿಲ್ಲ. ಒಂದು ಸುಳ್ಳನ್ನು ಸಾಕಿಕೊಂಡವನ ಬಾಯಲ್ಲಿ ಉಳಿದವು ಕೇಳದೆಯೇ ಬಂದು ಕೂರುತ್ತವೆ.

ಹೊಸ ಕೋಣೆಯ ಗೋಡೆಗೆ ಬಡಗಿ ಹಿಂದಿನ ದಿನವೇ ವಿಜ್ಞಾನಿಯ ಚಿತ್ರ ನೋಡಿಕೊಂಡು ಕೊಕ್ಕೆಗಳನ್ನು ಹೊಡೆದಿದ್ದ. ಎಡತುದಿಯಲ್ಲಿ ತಲೆಗೆ ಎರಡು ದಪ್ಪ ಕೊಕ್ಕೆ, ಅಲ್ಲಿಂದ ಬಾಲಕ್ಕೆಂದು ಸಾಲಾಗಿ, ನಿಧಾನವಾಗಿ ಅಲೆಯಂತೆ ಏರಿಳಿಯುತ್ತ ಕಿಟಕಿಯವರೆಗೆ. ತಲೆಯನ್ನು ಸಿಕ್ಕಿಸಿದರು. ಬಾಲವನ್ನು ಮೊದಲ ಕೊಕ್ಕೆಗೆ, ಎರಡನೆಯದಕ್ಕೆ ಸಿಕ್ಕಿಸಿದರು. ಮುಗಿಯಿತು. ಬಡಗಿ ಏಣಿಯ ಮೇಲೆ ನಿಂತು ಬೆಡ್‌ಶೀಟಿನ ಮಡಿಕೆಗಳಲ್ಲಿ ಉಳಿದ ಬಾಲವನ್ನು ಹುಡುಕಿದ. ಕೊಡವಿಯೂ ನೋಡಿದ. ಆಮೇಲೆ ಗೋಡೆಯುದ್ದಕ್ಕೂ ಬರಿದಾಗಿ ಬಾಯ್ತೆರೆದುಕೊಂಡಿದ್ದ ಕೊಕ್ಕೆಗಳನ್ನು ನೋಡಿ, "ಅಂಟಣ್ಣ, ಕೊಕ್ಕೆ ಉಳಿದುಬಿಟ್ವು," ಎಂದ, ತಪ್ಪು ತನ್ನದೇ ಎಂಬ ದನಿಯಲ್ಲಿ.

ಅಂಟಣ್ಣ ಹಿಂದೆ ಸರಿದು ನೋಡಿದ. ಎರಡು ತಿಂಗಳು ಮೂಗಿನ ತುದಿಯಲ್ಲಿಟ್ಟುಕೊಂಡು ಮಾಡಿದ್ದನ್ನು ಅವನು ದೂರದಿಂದ ನೋಡುತ್ತಿದ್ದುದು ಅದೇ ಮೊದಲು. ತಲೆ ಸರಿಯಾಗಿತ್ತು. ಅದರ ಕೆಳಗೆ ದಪ್ಪಗೆ ಊದಿಕೊಂಡ, ಒಂದು ಕಡೆ ಮುರಿದಂತೆ ಬಾಗಿದ ಮೋಟು. ತುದಿಯಲ್ಲಿ ಒಂದು ಸುರುಳಿ. ಸೀಳಿದ ಭಾಗದಲ್ಲಿ ನೀಲಿ ಹೊರೆಯಾಳುಗಳೆಲ್ಲ, ಇಟ್ಟಿಗೆ ಹೊತ್ತವರು ಹೊತ್ತ ಹಾಗೇ, ಬುಡದಲ್ಲೇ ಒಬ್ಬರ ಮೇಲೊಬ್ಬರು ಒತ್ತಿಕೊಂಡು ನಿಂತಿದ್ದರು. ಮೀಸೆಯವನು ಎಲ್ಲರಿಗಿಂತ ಮುಂದೆ ನಿಂತು ಎತ್ತ ಹೋಗಲೆಂದು ತಿಳಿಯದೆ ನೋಡುತ್ತಿದ್ದ. ಎಂದು ಮಾಡಿದೆ ಇದನ್ನು? ಆಸ್ಪತ್ರೆಯಿಂದ ಬಂದ ಮೇಲಿನ ವಾರಗಳಲ್ಲಿ ಷೆಡ್ಡಿನ ಬಾಗಿಲು ಹಾಕಿಕೊಂಡು, ಸಂಜೆ ಮನೆಗೆ ಹೋಗುವುದನ್ನು ಮುಂದೂಡುತ್ತ, ಹೆಂಡತಿಗೆ ಹೇಳಬೇಕಾದ ಮಾತನ್ನು ನೂರು ಬಗೆಯಲ್ಲಿ ಜೋಡಿಸುತ್ತ ಮುರಿಯುತ್ತ ಕೂತಿದ್ದಾಗ ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿತ್ತು. ವಿಜ್ಞಾನಿಯ ಚಿತ್ರ ಎದುರಿಗೇ ಇತ್ತು. ಕೈ ಮಾತ್ರ ಪರದೆಯ ಮೇಲೆ ಒಮ್ಮೆ ಕಂಡದ್ದನ್ನು ಕಟ್ಟುತ್ತಿತ್ತು. ಬಾಯಿ ಹೇಳದ್ದನ್ನು ಕೈ ಹೇಳಿಬಿಟ್ಟಿತ್ತು, ಅದೂ ಹತ್ತಡಿ ಗೋಡೆಯ ಮೇಲೆ, ಮೇಲಿನಿಂದ ದೀಪ ಬೇರೆ. ಅವನ ಕಣ್ಣು ದೀಪದ ಸ್ವಿಚ್ಚನ್ನು ಹುಡುಕಿತು. ಅದರ ಹಿಂದೆಯೇ, ನಾಚಿಕೆಗೆಟ್ಟ ಮನಸ್ಸು, ಆ ಸುರುಳಿ ಎಷ್ಟು ಚೆನ್ನಾಗಿ ಬಂದಿದೆ ಎಂದು ಮೆಚ್ಚಿಕೊಂಡಿತು.

ಕೆಳಗಿಳಿಸಿ ಷೆಡ್ಡಿಗೆ ಒಯ್ದುಬಿಡೋಣ ಎನ್ನುವಷ್ಟರಲ್ಲಿ ನಿರ್ದೇಶಕರೂ ವಿಜ್ಞಾನಿಯೂ ಒಳಗೆ ಬಂದರು. ನಿರ್ದೇಶಕರು ಸಂಕೋಚದ ಮನುಷ್ಯ. ಎರಡು ತಿಂಗಳಿಂದ ಅದನ್ನು "ಆ ವಸ್ತು" ಎಂದೇ ಕರೆಯುತ್ತಿದ್ದರು. "ಆ ವಸ್ತು ಬಹಳ ಅಂದವಾಗಿ ಬಂದಿದೆ," ಎಂದು, ಅದರ ಕಡೆ ಸರಿಯಾಗಿ ನೋಡದೆಯೇ, ಕಿಟಕಿಗೆ ಹೇಳಿದರು. ವಿಜ್ಞಾನಿ ಕನ್ನಡಕ ತೆಗೆದರು, ಸೀರೆಯ ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಗೋಡೆಯ ಹತ್ತಿರ ಹೋಗಿ ನೀಲಿಗಳ ಗುಂಪನ್ನು ಒಂದೊಂದಾಗಿ ನೋಡಿದರು.

"ಇದು ನಾನು ಕೊಟ್ಟ ಚಿತ್ರ ಅಲ್ಲ," ಎಂದರು.

"ಗೊತ್ತು ಮೇಡಂ. ಕೈತಪ್ಪು. ಕೂಡಲೇ ಸರಿ ಮಾಡ್ತೀನಿ."

"ಕೈತಪ್ಪಾ? ಇದು ಕಾಯಿಲೆಯದು ಕಣಪ್ಪ! ಸಾಮಾನು ಬಂದಿದೆ, ಹೊರೋರು ಬುಡದಲ್ಲೇ ಸಿಕ್ಕಾಕ್ಕೊಂಡಿದ್ದಾರೆ, ಅದಕ್ಕೇ ಬಾಲ ಮೋಟು. ನನ್ನ ಇಲಿಗಳಲ್ಲಿ ಹೀಗೇ ಇರುತ್ತೆ. ಆದ್ರೆ ಇದು ಇಲಿಯದೂ ಅಲ್ಲ, ಇಲಿಯದಕ್ಕೆ ತಲೆ ಕುಡುಗೋಲಿನ ಹಾಗೆ ಬಾಗಿರುತ್ತೆ. ಮನುಷ್ಯಂದೇ. ಇಷ್ಟು ಸರಿಯಾಗಿ! ಎಲ್ಲಿ ನೋಡಿದ್ರಿ ನೀವು ಇದನ್ನ?"

ಅವರ ಮುಖದಲ್ಲಿ ಅಪ್ಪಟ ಸಂತೋಷವಿತ್ತು. ಅವನ ಜೀವಮಾನದಲ್ಲಿ ಯಾರೂ ಅವನ ಕೆಲಸವನ್ನು ಇಷ್ಟು ಹತ್ತಿರದಿಂದ ನೋಡಿ ಇಷ್ಟು ಹೊಗಳಿರಲಿಲ್ಲ. ಹೊಗಳಿಕೆಯೂ ಅವಮಾನವೂ ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಲು ನೋಡಿ ಸಿಕ್ಕಿಕೊಂಡವು, ಅವನು ಮಿಕಮಿಕ ನೋಡುತ್ತ ನಿಂತ. ನಿರ್ದೇಶಕರು ಗಾಬರಿಯಾದರು. ಕಾಯಿಲೆಯದನ್ನು ಮಕ್ಕಳಿಗೆ ತೋರಿಸುವುದೇ, ಉದ್ಘಾಟನೆಗೆ ಬರುವವರು ಏನೆನ್ನುತ್ತಾರೆ, ಉಳಿದ ಕೊಕ್ಕೆಗಳಿಗೆ ಏನಾದರೂ ಹೂವಿನ ಸರ ನೇತುಹಾಕಬಹುದೇ ಎಂದು ಬಡಗಿಯನ್ನು ಕೇಳಿದರು. ಬಡಗಿ ಗಂಭೀರವಾಗಿ, ಛತ್ರಿ ನೇತುಹಾಕಬಹುದು ಸಾರ್ ಎಂದ.

ಅಷ್ಟರಲ್ಲಿ ಬಾಗಿಲಲ್ಲಿ ನೀಲಿ ಅಂಗಿ ಕಾಣಿಸಿತು. ಹೆಂಡತಿ ಕಚೇರಿಯಿಂದ ಬೇಗ ಬಂದಿದ್ದಳು. ನಾಳೆಯ ಪರೀಕ್ಷೆಗೆ ರಜ ಹೇಳಿ, ಉಳಿದ ಕೆಲಸವನ್ನು ಪಕ್ಕದವಳಿಗೆ ವಹಿಸಿ ಬಂದಿದ್ದಳು. ವಿಜ್ಞಾನಿಗೆ ಹೇಳಲು ಹೊಸ ಕಿವಿ ಸಿಕ್ಕಿತು. "ಬನ್ನಿ, ನಿಮ್ಮ ಯಜಮಾನ್ರು ಮಾಡಿರೋದು ನೋಡಿ," ಎಂದು ಕೈಹಿಡಿದು ಕರೆದೊಯ್ದು, ಬುಡ, ತುದಿ, ಹೊರೆ, ನೀಲಿ, ಕೆಂಪು ಎಲ್ಲ ವಿವರಿಸಿದರು. ಅವಳು ಪಾರ್ಸೆಲ್ ಕಚೇರಿಯವಳಾದ್ದರಿಂದ ಒಂದೇ ಸಲಕ್ಕೆ ಅರ್ಥಮಾಡಿಕೊಂಡಳು.

"ಗೋಡೌನ್ ತುಂಬಿದೆ, ಡೆಲಿವರಿ ಇಲ್ಲ."

"ಅದೇ!"

"ಇಂಥವರಿಗೆ ಮಕ್ಕಳಾಗಲ್ವಾ ಮೇಡಂ?"

"ತಾನಾಗೇ ಆಗೋದು ಕಷ್ಟ, ಈಜೋಕೇ ಬರಲ್ವಲ್ಲ. ಆದ್ರೆ ತಲೆ ಚೆನ್ನಾಗಿದೆ ನೋಡಿ. ಕೊಡಬೇಕಾದ್ದೆಲ್ಲ ಇರೋದು ತಲೇಲಿ. ಒಂದನ್ನ ಆರಿಸಿ, ಸಣ್ಣ ಸೂಜೀಲಿ ಮೊಟ್ಟೆಯೊಳಗೇ ಬಿಟ್ರೆ ಎಷ್ಟೋ ಸಲ ಆಗುತ್ತೆ. ಎಲ್ಲರಿಗೂ ಅಂತ ಹೇಳೋಕಾಗಲ್ಲ."

ಅವಳು ಸುರುಳಿಯನ್ನು ಬೆರಳಿಂದ ಮುಟ್ಟಿದಳು. ಆಮೇಲೆ ತಲೆ ತಗ್ಗಿಸಿದಳು. ಏನು ನೋಡುತ್ತಿದ್ದಾಳೆಂದು ಅಂಟಣ್ಣ ಅವಳ ದೃಷ್ಟಿಯ ಹಿಂದೆ ಹೋದ. ಅವಳು ಅವನ ಚಪ್ಪಲಿ ನೋಡುತ್ತಿದ್ದಳು. ಚಪ್ಪಲಿಯ ಮುಂದೆ ಹೆಬ್ಬೆರಳು, ಅದರ ಪಕ್ಕದ್ದು, ಎರಡೂ ತಂತಿ ಮೀಟುವಂತೆ ಅಲ್ಲಾಡುತ್ತಿದ್ದವು. ನಿಲ್ಲಿಸಲು ಹೋದ, ನಿಲ್ಲಲಿಲ್ಲ. ಅವಳ ಕಿವಿ ಕೆಂಪಗಾಯಿತು. ಅವಳು ಏನೂ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಸುಳ್ಳು ಹೇಳಿಬಿಡುತ್ತಿದ್ದನೇನೋ. ಅವಳು ಕೇಳದೆ, ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು, ಹೊರಡುವವಳಂತೆ ಬಾಗಿಲ ಕಡೆ ತಿರುಗಿದಳು. ಈಗ ಹೋದರೆ ಇವಳು ನಾಳೆ ಸುಮ್ಮನೆ ಆಸ್ಪತ್ರೆಗೆ ಹೋಗಿ, ಗೊತ್ತಿದ್ದೂ ಆ ಪರೀಕ್ಷೆಯ ಮೇಜಿನ ಮೇಲೆ ಮಲಗಿಯೇ ಬರುತ್ತಾಳೆ, ಆಮೇಲೆ ತಾನು ಏನು ಹೇಳಿದರೂ ಅದು ಮಾತೇ ಅಲ್ಲ.

"ನಾಳೆ ನೀನು ಹೋಗ್ಬೇಡ," ಎಂದ. ದನಿ ತೀರ ದೊಡ್ಡದಾಗಿ ಬಂತು. "ಇದು ನಾನು ಪುಸ್ತಕದಲ್ಲಿ ನೋಡಿದ್ದಲ್ಲ. ಆಸ್ಪತ್ರೇಲಿ ನೋಡಿದ್ದು. ಡಾಕ್ಟ್ರು ನನ್ನ ವೀರ್ಯಾನೇ ತೋರ್ಸಿದ್ರು. ಎಲ್ಲ ಸರಿಯಾಗಿದೆ ಅಂತ ನಿಂಗೆ ಸುಳ್ಳು ಹೇಳ್ದೆ. ನಿಂದೇನೂ ತಪ್ಪಿಲ್ಲ."

ಕೋಣೆಯಲ್ಲಿ ಎಲ್ಲರೂ ಏನಾದರೊಂದನ್ನು ನೋಡತೊಡಗಿದರು. ನಿರ್ದೇಶಕರು ಕಿಟಕಿಯನ್ನು. ಬಡಗಿ, ಹುಟ್ಟಿದಾಗಿನಿಂದ ಮೊದಲ ಸಲ ಮಾತಿಲ್ಲದೆ, ಏಣಿಯ ಮೆಟ್ಟಿಲನ್ನು. ವಿಜ್ಞಾನಿ ಮಾತ್ರ ಅವನನ್ನೇ ನೋಡಿ, "ಅಯ್ಯೋ, ನಾನು ಎಷ್ಟು ಖುಷಿಪಟ್ಟುಬಿಟ್ಟೆ," ಎಂದರು.

"ಎಷ್ಟು ದಿನ ಆಯ್ತು?" ಎಂದು ಕೇಳಿದಳು ಹೆಂಡತಿ.

"ಅಕ್ಕ ಪುಡಿ ಕಳ್ಸೋಕೆ ಮೊದಲೇ."

ಅದನ್ನು ಕೇಳಿ ಅವಳು ಹೊರಟೇಬಿಟ್ಟಳು.

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕೂತಳು, ಅವನು ಹಿಂದೆ ನಿಂತು ಅವಳ ಜಡೆಯನ್ನು ನೋಡುತ್ತ ಬಂದ. ಜಡೆ ಕೂಡ ಸಿಟ್ಟಾಗಿದ್ದಂತೆ ಕಂಡಿತು. ನಿರ್ದೇಶಕರು ಬಾಗಿಲವರೆಗೂ ಓಡಿಬಂದು ಅವನ ಹೆಗಲು ತಟ್ಟಿ, ವಿಜ್ಞಾನಿ ಹೇಳುವಂತೆ ಇದೂ ಇರಲಿ, ಕೆಳಗಡೆ ಪೂರ್ತಿಯದೊಂದು ಮಾಡಿ ಹಾಕೋಣ ಎಂದದ್ದು, "ಆ ವೀರ್ಯಾಣು" ಎಂದು ಮೊದಲ ಸಲ ಹೆಸರಿಟ್ಟು ಹೇಳಿ ತಾವೇ ಬೆವರಿದ್ದು ಎಲ್ಲ ಯಾವ ಕಾಲದ್ದೋ ಎನಿಸಿತು. ಹೇಳಿಬಿಟ್ಟರೆ ಹಗುರಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅವನಿಗೆ ಹಗುರೇನೂ ಆಗಲಿಲ್ಲ. ಹೆದರಿಕೆಯಾಯಿತು. ಇವಳು ಬಿಟ್ಟುಹೋದರೆ ಎಂದಲ್ಲ, ಬಿಟ್ಟುಹೋಗದೆ ಇನ್ನು ಮೇಲೆ ತನ್ನ ಅಂಗಿಯನ್ನು ಆ ರೀತಿ ಸವರಿ ಮಡಚದಿದ್ದರೆ ಎಂದು.

ಮನೆಗೆ ಬಂದವಳೇ ಕೈಕಾಲು ತೊಳೆಯದೆ ನೇರ ಅಡುಗೆಮನೆಗೆ ಹೋದಳು. ಲೋಟ ಇಟ್ಟ ಸದ್ದು. ನೀರು. ಡಬ್ಬದ ಮುಚ್ಚಳ. ಟಿಣ್ ಟಿಣ್ ಟಿಣ್, ಬೆಳಗಿನದಕ್ಕಿಂತ ಬಹಳ ಜೋರಾಗಿ. ತಂದು ಅವನ ಮುಂದೆ ಮೇಜಿನ ಮೇಲೆ ಕುಕ್ಕಿದಳು.

"ಕುಡೀರಿ."

"ಇದು ಹೆಂಗಸರಿಗೆ ಅಲ್ವಾ?"

ಅವಳು ಲೋಟದ ಕಡೆ ಬೆರಳು ತೋರಿಸಿದಳು. ಅವನು ಕುಡಿದ. ಕಹಿ ಎಂದರೆ ನಾಲಗೆಗೆ ಅಂಟುವಂಥದ್ದೆಂದು ತಿಳಿದಿದ್ದ. ಇದು ಕಿವಿಗೆ, ಕಣ್ಣಿಗೆ, ನೆತ್ತಿಗೆ ಏರಿತು. ಇಂಥದ್ದನ್ನು ಇವಳು ದಿನವೂ, ತಾನು ಕಾಲ್ಬೆರಳು ಬಚ್ಚಿಟ್ಟುಕೊಂಡು ಮಲಗಿರುವಾಗ ಕುಡಿದಿದ್ದಾಳೆ ಎಂದು ಆಗಷ್ಟೇ ಅವನ ಗಂಟಲಿಗೆ ಅರ್ಥವಾಯಿತು. ಕಣ್ಣಲ್ಲಿ ನೀರು ಬಂತು. ಪುಡಿಗೆ ಬಂದದ್ದೋ ಬೇರೆಯದಕ್ಕೋ ಅವನಿಗೇ ತಿಳಿಯಲಿಲ್ಲ.

ಫೋನು ರಿಂಗಾಯಿತು. ಅಕ್ಕನ ಹೊತ್ತು ಅದು. ದಿನವೂ ಅವಳೇ ಎತ್ತುತ್ತಿದ್ದಳು, ಹೂಂ ಹೂಂ ಎನ್ನುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಇವತ್ತು ಫೋನನ್ನು ಅವನ ಕಡೆ ತಳ್ಳಿ, ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಳು.

"ಏನೋ, ನೀನೆತ್ತಿದೀಯ? ಅವಳೆಲ್ಲಿ?" ಅಕ್ಕನ ದನಿ ಕೋಣೆಗೆಲ್ಲ ಕೇಳುತ್ತಿತ್ತು. "ನಾಳೆ ಪರೀಕ್ಷೆ ಅಲ್ವಾ? ಪುಡಿ ಸರಿಯಾಗಿ ಕುಡೀತಿದ್ದಾಳಾ ಇಲ್ವಾ? ಕಹಿ ಅಂತ ಸಿಂಕಿಗೆ ಚೆಲ್ಲಿರ್ತಾಳೆ, ನಂಗೆ ಗೊತ್ತಿಲ್ವಾ!"

"ಪುಡಿ ನಾನು ಕುಡೀತಿದೀನಿ ಅಕ್ಕ."

"ನೀನ್ಯಾಕೋ ಕುಡೀತೀಯ?"

ಅವನು ಹೆಂಡತಿಯನ್ನು ನೋಡಿದ. ಅವಳು ಸಹಾಯಕ್ಕೆ ಬರಲಿಲ್ಲ. ಮೇಜಿನ ಕೆಳಗೆ ಅವನ ಕಾಲ್ಬೆರಳುಗಳು ಅಲ್ಲಾಡುತ್ತಿರಲಿಲ್ಲ. ಅವಳು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡಳು.

"ದೋಷ ಇರೋದು ನನ್ನಲ್ಲಿ. ಅವಳಲ್ಲಲ್ಲ. ಇನ್ಮೇಲೆ ಕೇಳೋದೆಲ್ಲ ನನ್ನ ಕೇಳು, ಅವಳನ್ನ ಒಂದು ಮಾತೂ ಕೇಳ್ಬೇಡ."

ಆ ಕಡೆ ಅಕ್ಕ ಸುಮ್ಮನಾದಳು. ಅಕ್ಕ ಸುಮ್ಮನಾದದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ, ಫೋನು ಕೆಟ್ಟಿತೋ ಎಂದು ಅಲ್ಲಾಡಿಸಿ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, "ಹಾಗಾದ್ರೆ ಎರಡು ಚಮಚ ಹಾಕ್ಕೋ," ಎಂದಳು.

ಹೆಂಡತಿ ನಗಬಾರದೆಂದು ತುಟಿ ಕಚ್ಚಿಕೊಂಡಳು. ಆಗಲಿಲ್ಲ. ನಕ್ಕಳು, ನಗುತ್ತಲೇ ಅತ್ತಳು, ಸಿಟ್ಟೂ ಹಾಗೇ ಇತ್ತು. ಕೆನ್ನೆ ಒರೆಸಿಕೊಂಡು ಎದ್ದು, ಡಬ್ಬವನ್ನು ತಂದು ಅವನ ಮುಂದಿಟ್ಟಳು. "ಇನ್ನೂ ಅರ್ಧ ಇದೆ," ಎಂದಳು. "ನಾಳೆ ಆಸ್ಪತ್ರೆಗೆ ಇಬ್ಬರೂ ಹೋಗೋಣ. ಆ ಡಾಕ್ಟ್ರು ಏನೇನು ಹೇಳಿದ್ರೋ ಅಷ್ಟೂ ನನ್ನೆದುರಿಗೆ ಇನ್ನೊಂದ್ಸಲ ಹೇಳ್ಲಿ. ಅಲ್ಲಿವರೆಗೂ ನನ್ನ ಹತ್ರ ಮಾತಾಡ್ಬೇಡಿ."

ಅವನು ಮಾತಾಡಲಿಲ್ಲ. ಡಬ್ಬದಿಂದ ಎರಡು ಚಮಚ ತೆಗೆದು ಲೋಟಕ್ಕೆ ಹಾಕಿದ, ನೀರು ಸುರಿದ, ಅವಳಿಗೆ ಚೆನ್ನಾಗಿ ಕೇಳುವಂತೆ ಕದಡತೊಡಗಿದ.